ಏರುವ ನೀರು, ಬರುವ ನೀರು

ಬಾಡಿಗೆ ಮನೆ ನೋಡಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು ಇಷ್ಟೇ: ಮನೆಯವರ ಮಾತು ಆಮೇಲೆ ಕೇಳಿ, ಮೊದಲು ನಲ್ಲಿ ತಿರುಗಿಸಿ. ಹಳೆಯ ಮಂಚ, ಫ್ರಿಜ್ಜು, ಮಿಕ್ಸಿ ಕೊಂಡು ರಿಪೇರಿ ಮಾಡಿಸಿ ಮಾರುತ್ತಾ ಕೊಚ್ಚಿಯಲ್ಲಿ ಕಾಲೂರಿದವಳು ನಾನು. ಈಗ ಕೆಲವು ವರ್ಷಗಳಿಂದ ಇಲ್ಲಿಗೂ ತಿರುವನಂತಪುರಕ್ಕೂ ಐಟಿ ಪಾರ್ಕಿನ ಕೆಲಸಕ್ಕೆ ಬರುವ ನಮ್ಮ ಕಡೆಯವರಿಗೆ ಮನೆ ಹುಡುಕಿಕೊಡುತ್ತೇನೆ. ಮಾತಿನ ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದ ಬ್ರೋಕರು ಇನ್ನೂ ಹುಟ್ಟಿಲ್ಲ ಎಂದು ಜನ ಹೇಳುತ್ತಾರೆ, ನಾನು ಅಲ್ಲವೆನ್ನುವುದಿಲ್ಲ. ಆದರೆ ಮೊನ್ನೆ ಒಬ್ಬಳು ಹುಡುಗಿ, ಹೊಸದಾಗಿ ಮದುವೆಯಾದವಳು, ಫೋನಿನಲ್ಲಿ ಕೇಳಿದಳು: ‘ಅಕ್ಕಾ, ನಮ್ಮ ಬಜೆಟ್ಟಿಗೆ ಎರಡೇ ಕಡೆ ಸಿಗ್ತಾ ಇದೆ. ತ್ರಿಪ್ಪುಣಿತ್ತುರ ತಗೊಳ್ಳೋದಾ, ಪಳ್ಳುರುತ್ತಿ ತಗೊಳ್ಳೋದಾ?’ ಒಂದು ಕಡೆ ಮೆಟ್ರೋ ಇದೆ, ಇನ್ನೊಂದು ಕಡೆ ಗಂಡನ ಕೆಲಸದ ಜಾಗ ಹತ್ತಿರವಿದೆ, ಎರಡು ಕಡೆಯೂ ಒಳ್ಳೆಯ ಓಣಿಗಳಿವೆ, ಕೆಟ್ಟ ಓಣಿಗಳಿವೆ ಎಂದು ನಾನು ಗಿಳಿಪಾಠ ಒಪ್ಪಿಸಿದೆ. ಇಷ್ಟು ವರ್ಷಗಳಾದರೂ ಈ ಎರಡು ಹೆಸರು ಒಟ್ಟಿಗೆ ಕಿವಿಗೆ ಬಿದ್ದರೆ ನಾನು ಮತ್ತೆ ಆರನೆಯ ಕ್ಲಾಸಿನ ಹುಡುಗಿಯಾಗಿಬಿಡುತ್ತೇನೆ.

ಆಗ ನಾವಿದ್ದದ್ದು ವಿಲ್ಲಿಂಗ್ಡನ್ ಐಲ್ಯಾಂಡಿನ ಸರಕಾರಿ ವಸತಿಯಲ್ಲಿ, ಮೂರನೆಯ ಮಹಡಿಯಲ್ಲಿ. ಅಪ್ಪ ಅಲ್ಲಿಯೇ ಒಂದು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತರು. ಉಡುಪಿ ಕಡೆಯಿಂದ ವರ್ಗವಾಗಿ ಬಂದವರು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿ ತೆರೆದರೆ ಹಡಗುಗಳ ಬೆನ್ನು. ಮುಂದಿನ ಕೋಣೆಯಲ್ಲಿ ಅಪ್ಪನ ತಾಯಿ, ನಮ್ಮ ಅಜ್ಜಿ, ಗೋಡೆಗೆ ಒರಗಿ ಕೂತು ಕೇರಳದ ಅಕ್ಕಿ ಆರಿಸುತ್ತಾ ಬಯ್ಯುತ್ತಿದ್ದರು: ‘ಇದೆಂತ ಅಕ್ಕಿಯಾ, ಹುಣಸೆ ಬೀಜವಾ?’ ಅಡುಗೆಮನೆಯಲ್ಲಿ ಒಲೆಗಿಂತ ಹೆಚ್ಚು ಜಾಗ ಹಿಡಿದದ್ದು ನೀರಿನ ಪಾತ್ರೆಗಳು. ಹಂಡೆ, ಕೊಡಪಾನ, ಬಕೇಟು, ಹಳೆಯ ಎಣ್ಣೆಡಬ್ಬಿ, ಕೊನೆಗೆ ನನ್ನ ನೀರಿನ ಬಾಟಲಿ ಕೂಡ ಸಾಲಿನಲ್ಲಿ ನಿಲ್ಲುತ್ತಿತ್ತು. ಏಕೆಂದರೆ ನಲ್ಲಿ ಇದ್ದದ್ದು ಕೆಳಗೆ ಅಂಗಳದಲ್ಲಿ. ಮೇಲಿನ ಟ್ಯಾಂಕಿಗೆ ನೀರು ಏರುತ್ತಿರಲಿಲ್ಲ. ಯಾಕೆ ಏರುವುದಿಲ್ಲ ಎಂದು ಎಲ್ಲರೂ ಅರ್ಜಿ ಕೊಟ್ಟು, ಅರ್ಜಿಯ ಮೇಲೆ ಅರ್ಜಿ ಕೊಟ್ಟು, ಕಡೆಗೆ ಅದು ಹವಾಮಾನದಂತೆ ಒಪ್ಪಿಕೊಳ್ಳಬೇಕಾದ ಸಂಗತಿ ಎಂದು ಸುಮ್ಮನಾಗಿದ್ದರು. ಅಮ್ಮ ಬೆಳಗಾಗುವ ಮೊದಲೇ ಕೊಡಪಾನ ಸೊಂಟಕ್ಕಿಟ್ಟು ಮೆಟ್ಟಿಲು ಇಳಿಯುತ್ತಿದ್ದಳು. ನಮ್ಮ ಮನೆಯಲ್ಲಿ ಸ್ನಾನಕ್ಕೆ, ಪಾತ್ರೆಗೆ, ದೇವರ ಅಭಿಷೇಕಕ್ಕೆ ನೀರು ಬೇರೆ ಬೇರೆ ಅಳತೆಯದು. ಅಭಿಷೇಕದ ನೀರು ತುಳಸಿಗೆ, ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಬಚ್ಚಲಿಗೆ. ಒಂದು ತಂಬಿಗೆ ನೀರು ನಾಲ್ಕು ಜನ್ಮ ಎತ್ತಿಯೇ ಮನೆ ಬಿಡುತ್ತಿತ್ತು.

ಅಮ್ಮ ಒಮ್ಮೆ ತುಂಬಿದ ಕೊಡಪಾನದೊಂದಿಗೆ ಎರಡನೆಯ ಮಹಡಿಯ ತಿರುವಿನಲ್ಲಿ ಕೂತುಬಿಟ್ಟಳು. ನಾನು ಶಾಲೆಗೆ ಹೊರಟಿದ್ದೆ. ‘ನೀನು ಹೋಗು ಶುಭಾ, ನಂಗೆ ಎಂತ ಆಗ್ಲಿಲ್ಲ’ ಎಂದಳು. ಸಂಜೆ ಬಂದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಹುಟ್ಟಬೇಕಾಗಿದ್ದ ಮಗು ಹುಟ್ಟುವುದಿಲ್ಲ ಎಂದು ಅಜ್ಜಿ ನನಗೆ ನೇರವಾಗಿ ಹೇಳಲಿಲ್ಲ. ಅಳುತ್ತಾ ತಾವೇ ಕೆಳಗಿಳಿದು ನೀರು ತಂದರು. ಅದರಿಂದ ನನಗೆ ತಿಳಿಯಿತು. ಮುಂದಿನ ವರ್ಷ ಬೇಸಿಗೆಯ ಹೊತ್ತಿಗೆ ಅಮ್ಮ ಮತ್ತೆ ಬಸುರಿಯಾಗಿದ್ದಳು. ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು, ಭಾರ ಎತ್ತಬಾರದು. ಆ ದಿನದಿಂದ ಅಪ್ಪ ಕಚೇರಿಗೆ ಹೋಗುವ ಮೊದಲು ನೀರು ಹೊತ್ತರು, ಶಾಲೆಗೆ ಹೋಗುವ ಮೊದಲು ನಾನು ಹೊತ್ತೆ. ಆದರೂ ನಡುವೆ ಏನಾದರೂ ತೀರಿಹೋಗುತ್ತಿತ್ತು. ಶಾಲೆಯಲ್ಲಿ ಕೂತಾಗ ನನ್ನ ಕಣ್ಣೆದುರಿಗೆ ಆ ಮೆಟ್ಟಿಲಿನ ತಿರುವೇ. ಅಷ್ಟರಲ್ಲಿ ವಸತಿಯ ಕಟ್ಟಡ ಹಳತಾಗಿದೆ, ಮಳೆಗಾಲಕ್ಕೆ ಮೊದಲು ಎಲ್ಲರೂ ಖಾಲಿ ಮಾಡಬೇಕು ಎಂದು ನೋಟಿಸು ಬಂತು. ಬೇರೆಯವರೆಲ್ಲ ತಲೆಗೆ ಕೈ ಹೊತ್ತು ಕೂತರು. ಅಮ್ಮ ಮಾತ್ರ ದೇವರ ಮುಂದೆ ದೀಪ ಹಚ್ಚಿ ಬಂದು ಅಪ್ಪನಿಗೆ ಹೇಳಿದಳು:

‘ಮನೆ ಸಣ್ಣದಿರಲಿ, ಹಳತಿರಲಿ, ಎಲ್ಲಿ ಬೇಕಾದ್ರೂ ಇರಲಿ. ಟ್ಯಾಂಕಿಗೆ ನೀರು ಏರ್ತದಾ ಅಂತ ಒಂದು ಕೇಳಿ. ನಂಗೆ ಬೇರೆ ಎಂತದೂ ಬೇಡ.’

ನಮ್ಮ ಸಂಬಳಕ್ಕೆ ದಕ್ಕುವ ಮನೆಗಳು ಸಿಕ್ಕಿದ್ದು ಎರಡೇ ಕಡೆ. ಪಳ್ಳುರುತ್ತಿಯಾದರೆ ಅಪ್ಪನ ಕಚೇರಿಗೆ ಸೇತುವೆ ದಾಟಿದರೆ ಆಯಿತು, ಮಧ್ಯಾಹ್ನ ಊಟಕ್ಕೂ ಮನೆಗೆ ಬರಬಹುದು. ತ್ರಿಪ್ಪುಣಿತ್ತುರವಾದರೆ ಎರಡು ಬಸ್ಸು ಬದಲಿಸಬೇಕು; ಆದರೆ ದೇವಸ್ಥಾನವಿದೆ, ಆಸ್ಪತ್ರೆಯಿದೆ, ಹೆಣ್ಣುಮಕ್ಕಳ ಶಾಲೆಯಿದೆ. ಆಗ ಮೆಟ್ರೋ ಎಂಬ ಮಾತನ್ನೇ ಯಾರೂ ಕೇಳಿರಲಿಲ್ಲ. ಇಂಥ ಕಡೆ ನಾನು ಇವತ್ತಿನ ಗಿರಾಕಿಗಳಿಗೆ ಹೇಳುತ್ತೇನೆ: ಗಂಡಸಿನ ದಾರಿಯನ್ನು ಬಸ್ಸಿನಲ್ಲಿ ಅಳೆಯಬಹುದು, ಹೆಂಗಸಿನ ದಾರಿ ಮನೆಯೊಳಗೇ ಇರುತ್ತದೆ, ಅದನ್ನು ಮೊದಲು ಅಳೆಯಿರಿ. ಆದರೆ ಆಗ ಹೇಳುವ ಬಾಯಿ ಅಪ್ಪನದು. ಅಪ್ಪನಿಗೆ ಮಲಯಾಳ ಬರುತ್ತಿತ್ತು. ಬರುತ್ತಿತ್ತು ಎಂದರೆ, ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ‘ನಮ್ಮ ರಾವ್ ಸಾರಿನ ಮಲಯಾಳ ಕೇಳಬೇಕು’ ಎಂಬ ಮಾತಿತ್ತು. ಅಪ್ಪ ಅದನ್ನು ಹೊಗಳಿಕೆ ಎಂದು ತಿಳಿದಿದ್ದರು. ಕನ್ನಡದ ಮಾತನ್ನು ತೂಗಿ, ಅಷ್ಟೇ ತೂಕದ ಮಲಯಾಳದ ಮಾತು ಇಟ್ಟರೆ ಆಯಿತು ಎಂಬುದು ಅವರ ಲೆಕ್ಕ. ‘ಕಯರುಕ’ ಎಂಬ ಕ್ರಿಯಾಪದವನ್ನು ಅವರು ಕಲಿತದ್ದು ಬಸ್ಸಿನಲ್ಲಿ. ಪ್ರತಿ ನಿಲ್ದಾಣದಲ್ಲೂ ಕಂಡಕ್ಟರು ‘ಕಯರಿಕ್ಕೋ, ಕಯರಿಕ್ಕೋ’ ಎಂದು ಜನರನ್ನು ಹತ್ತಿಸುತ್ತಿದ್ದ. ಕಯರುಕ ಎಂದರೆ ಏರುವುದು, ಹತ್ತುವುದು. ತಪ್ಪೇನಿಲ್ಲ. ನೀರು ಎಂದರೆ ವೆಳ್ಳಂ. ಅದರಲ್ಲೂ ತಪ್ಪಿಲ್ಲ.

ಮೊದಲು ಹೋದದ್ದು ತ್ರಿಪ್ಪುಣಿತ್ತುರಕ್ಕೆ. ಅಪ್ಪ, ಅಜ್ಜಿ, ನಾನು. ಬಸ್ಸಿನ ಕುಲುಕಾಟ ಬೇಡವೆಂದು ಅಮ್ಮ ಬರಲಿಲ್ಲ. ಮನೆಯ ಒಡತಿ ನಿವೃತ್ತ ಶಿಕ್ಷಕಿ, ಊರಿಗೆಲ್ಲ ಸರೋಜಿನಿ ಟೀಚರ್. ತಾವು ಎದುರಿನ ಮನೆಯಲ್ಲಿದ್ದು ಹಿಂದಿನ ಹೆಂಚಿನ ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಜಗುಲಿಯ ಮೆಟ್ಟಿಲ ಮೇಲೆ ನಿಂತು ಅಪ್ಪ ಗಂಟಲು ಸರಿಮಾಡಿಕೊಂಡು ಕೇಳಿದರು:

‘ಟೀಚರೇ, ಇವಿಡೆ ವೆಳ್ಳಂ ಕಯರುಮೋ?’

ಟೀಚರಿಗೆ ಆ ಪ್ರಶ್ನೆಯೇ ಅವಮಾನ ಎನ್ನಿಸಿತೋ ಏನೋ, ಎದೆಯ ಮೇಲೆ ಕೈಯಿಟ್ಟರು.

‘ಅಯ್ಯೋ, ಇಲ್ಲ ಸಾರೇ! ಇವಿಡೆ ವೆಳ್ಳಂ ಕಯರಿಲ್ಲ. ಎತ್ರ ಮಳ ಪೆಯ್ದಾಲುಂ ಕಯರಿಲ್ಲ. ಒರಿಕ್ಕಲುಂ ಕಯರಿಲ್ಲ!’

ಅಪ್ಪನ ಮುಖ ಸಪ್ಪೆಯಾಯಿತು. ಅಜ್ಜಿಯ ಕಡೆ ತಿರುಗಿ ಮೆಲ್ಲನೆ ಅನುವಾದಿಸಿದರು:

‘ಏರುವುದೇ ಇಲ್ಲವಂತೆ ಅಮ್ಮಾ. ಎಷ್ಟು ಮಳೆ ಬಂದ್ರೂ ಏರುವುದಿಲ್ಲವಂತೆ.’

‘ಮಳೆ ಬಂದ್ರೇ ಏರದ ನೀರು ಬೇಸಿಗೆಯಲ್ಲಿ ಏರ್ತದಾ?’ ಎಂದರು ಅಜ್ಜಿ. ‘ಅದನ್ನು ಇಷ್ಟು ಜಂಬದಲ್ಲಿ ಹೇಳುವುದೆಂತಕೆ ಈ ಹೆಂಗ್ಸು? ನಡಿ ಮಗಾ.’

ಟೀಚರು ಒಳಗೆ ಬನ್ನಿ, ಚಹಾ ಕುಡಿಯಿರಿ ಎನ್ನುತ್ತಿದ್ದರು. ಅಪ್ಪ ಕೈಮುಗಿದು ಗೇಟು ದಾಟಿಬಿಟ್ಟರು. ನಾನು ಹಿಂದಿರುಗಿ ನೋಡಿದೆ. ಒಳ್ಳೆಯ ಸುದ್ದಿ ಹೇಳಿದವರನ್ನು ಯಾರಾದರೂ ಬೈದರೆ ಹೇಗೆ ಮುಖ ಮಾಡುತ್ತಾರೋ ಹಾಗಿತ್ತು ಟೀಚರ ಮುಖ. ಏನೋ ಒಂದು ಅಲ್ಲಿ ಸರಿಯಿಲ್ಲ ಎಂದು ಅನ್ನಿಸಿತು, ಏನೆಂದು ಗೊತ್ತಾಗಲಿಲ್ಲ. ಶಾಲೆಯಲ್ಲಿ ನಾನು ಕಲಿತಿದ್ದ ಮಲಯಾಳ ಜಗಳದ್ದು, ಆಟದ್ದು. ಮನೆ ಹಿಡಿಯುವ ಮಲಯಾಳ ನನಗೂ ಹೊಸದು.

ಮುಂದಿನ ವಾರ ಪಳ್ಳುರುತ್ತಿ. ಕಾಲುವೆಯ ಪಕ್ಕದ ಓಣಿ, ಕೊನೆಯಲ್ಲಿ ಅಚ್ಚುಕಟ್ಟಾದ ತಾರಸಿ ಮನೆ, ಮೇಲೆ ಕರಿಯ ಟ್ಯಾಂಕು. ಮನೆಯ ಯಜಮಾನ ಜೋಸೆಫ್ ಚೇಟ್ಟನ್, ಅಂದರೆ ಜೋಸೆಫಣ್ಣ, ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದವರು. ತಾವು ಅರ್ಧ ಮನೆಯಲ್ಲಿದ್ದು ಉಳಿದರ್ಧ ಕೊಡುತ್ತಿದ್ದರು. ಅಪ್ಪ ಅದೇ ಪ್ರಶ್ನೆ ಕೇಳಿದರು. ಜೋಸೆಫ್ ಚೇಟ್ಟನ್ ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ತಲೆಯೆತ್ತಿ, ಸುಳ್ಳು ಹೇಳಲಾರದ ಮನುಷ್ಯನ ದನಿಯಲ್ಲಿ ಹೇಳಿದರು:

‘ಕಯರುಂ ಸಾರೇ. ಉಳ್ಳದು ಪರಯಣಮಲ್ಲೋ. ರಾವಿಲೆ ಕಯರುಂ, ಉಚ್ಚಯ್ಕು ಮುಂಬೆ ತನ್ನೆ ಇರಂಗುಂ. ಪೇಡಿಕ್ಕಂಡ.’

ಇದ್ದದ್ದು ಹೇಳಬೇಕಲ್ಲ, ಬೆಳಿಗ್ಗೆ ಏರುತ್ತದೆ, ಮಧ್ಯಾಹ್ನಕ್ಕೆ ಮೊದಲು ತಾನೇ ಇಳಿಯುತ್ತದೆ, ಹೆದರಬೇಡಿ. ಅಪ್ಪನ ಕಣ್ಣು ಅರಳಿತು.

‘ಕೇಳಿದಿರಾ ಅಮ್ಮಾ? ಬೆಳಿಗ್ಗೆ ಟ್ಯಾಂಕಿಗೆ ಏರ್ತದಂತೆ. ಮತ್ತೆ ತಾನೇ ನಲ್ಲಿಗೆ ಇಳೀತದಂತೆ. ಪಂಪು ಕೂಡ ಬೇಡ!’

ಅಜ್ಜಿ ಒಳಗೆಲ್ಲ ತಿರುಗಿ ಬಂದರು. ಮಂಚದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ, ಫ್ರಿಜ್ಜಿನ ಕೆಳಗೆ ಸಿಮೆಂಟಿನ ಕಟ್ಟೆ, ಅಕ್ಕಿಯ ಡ್ರಮ್ಮು ಎತ್ತರದ ಹಲಗೆಯ ಮೇಲೆ. ಅವರಿಗೆ ಬಹಳ ಸಂತೋಷವಾಯಿತು.

‘ಗುಡಿಸಲಿಕ್ಕೆ ಎಷ್ಟು ಸಲೀಸು ನೋಡು ಶುಭಾ. ಕಿರಿಸ್ತಾನರ ಹೆಂಗ್ಸರು ಭಾರೀ ಚೊಕ್ಕ.’

ಗೋಡೆಯ ಬುಡದಲ್ಲಿ, ನನ್ನ ಮೊಣಕಾಲಿನಷ್ಟು ಎತ್ತರದವರೆಗೆ, ಬಣ್ಣ ಗುಳ್ಳೆಯೆದ್ದು ಉಪ್ಪಿನಂಥ ಬಿಳಿ ಪುಡಿ ಉದುರುತ್ತಿತ್ತು. ಬೆರಳಿನಿಂದ ಮುಟ್ಟಿ ನಾಲಗೆಗೆ ಇಟ್ಟುಕೊಂಡೆ. ಉಪ್ಪಿನಂಥದ್ದಲ್ಲ, ಉಪ್ಪೇ. ಅಪ್ಪನಿಗೆ ಹೇಳುವಷ್ಟರಲ್ಲಿ ಅವರು ಜೋಸೆಫ್ ಚೇಟ್ಟನ್ನಿನ ಕೈಕುಲುಕಿ ಮುಂಗಡ ಕೊಟ್ಟಾಗಿತ್ತು. ಮನೆಗೆ ಬಂದು ಮೆಟ್ಟಿಲು ಹತ್ತುವಾಗಲೇ ಕೂಗಿದರು: ‘ಏರ್ತದೆ ಮಾರಾಯ್ತಿ, ಏರ್ತದೆ!’ ಅಮ್ಮ ಬಾಗಿಲಲ್ಲಿ ನಿಂತವಳು ಒಳಗೆ ಹೋಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ಸಂಜೆ ಪಾಯಸ ಮಾಡಿದಳು.

ಅಪ್ಪ ಕಚೇರಿಯಲ್ಲಿ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ಕೇಳಲಿಲ್ಲ. ಭಾಷೆ ಬಲ್ಲವನು ಎಂದು ಹೆಸರಾದವನಿಗೆ ಬೇರೆಯವರನ್ನು ಅರ್ಥ ಕೇಳುವುದು ಕಷ್ಟ. ನಾನು ಈಗಲೂ ಹೊಸಬರಿಗೆ ಹೇಳುವುದುಂಟು: ಭಾಷೆ ಬಾರದಿದ್ದರೆ ಅಪಾಯವಿಲ್ಲ, ಕೈಸನ್ನೆ ಮಾಡುತ್ತೀರಿ, ನಾಲ್ಕು ಜನರನ್ನು ಕೇಳುತ್ತೀರಿ. ಅರ್ಧ ಬಂದರೆ ಜಾಗ್ರತೆ.

ನನಗೆ ಗೊತ್ತಾದದ್ದು ಪಳ್ಳುರುತ್ತಿಯಿಂದಲೇ ಬರುತ್ತಿದ್ದ ಲೀನಾಳಿಂದ. ಶಾಲೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ನಾನು ದೊಡ್ಡದಾಗಿ ಹೇಳಿಕೊಂಡೆ, ನಾವೂ ನಿಮ್ಮ ಕಡೆ ಬರುತ್ತೇವೆ, ನಮ್ಮ ಹೊಸ ಮನೆಯಲ್ಲಿ ‘ವೆಳ್ಳಂ ಕಯರುಂ’ ಎಂದು. ಲೀನಾ ಅನ್ನದ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು.

‘ನಿನಕ್ಕ್ ವಟ್ಟಾಣೋ? ಹುಚ್ಚಾ ನಿಂಗೆ? ಅದಕ್ಕೆ ಯಾರಾದ್ರೂ ಖುಷಿ ಪಡ್ತಾರಾ?’

ಆಮೇಲೆ ಅವಳು ಹೇಳಿದ್ದು ಇಷ್ಟು: ವೃಶ್ಚಿಕ ಮಾಸ, ಅಂದರೆ ನವೆಂಬರ್ ನಡುಭಾಗ, ಬಂತೆಂದರೆ ಹಿನ್ನೀರು ಉಬ್ಬಿ ಕಾಲುವೆ ತುಂಬಿ ಬೆಳಗಿನ ಹೊತ್ತು ಮನೆಯೊಳಗೆ ಬರುತ್ತದೆ. ಅದಕ್ಕೇ ‘ವೆಳ್ಳಂ ಕಯರುಕ’ ಎನ್ನುವುದು. ನಲ್ಲಿಯ ನೀರಿಗೆ ಯಾರೂ ಹಾಗೆ ಹೇಳುವುದಿಲ್ಲ. ಅದು ‘ವರುಂ’, ಬರುತ್ತದೆ. ಅವರ ಓಣಿಯಲ್ಲಿ ಆ ‘ಬರುವ’ ನೀರು ಬರುವುದೇ ಅಪರೂಪ, ಟ್ಯಾಂಕರ್ ಲಾರಿಯ ಮುಂದೆ ಅವಳ ತಾಯಿ ಬಿಂದಿಗೆ ಹಿಡಿದು ನಿಲ್ಲುತ್ತಾಳೆ. ನಾನು ಡಬ್ಬಿ ಮುಚ್ಚಿದೆ. ಮಂಚದ ಕೆಳಗಿನ ಇಟ್ಟಿಗೆಗಳು, ನಾಲಗೆಯ ಮೇಲಿನ ಉಪ್ಪು, ಟೀಚರ ಮುಖ, ಎಲ್ಲ ಒಂದರ ಹಿಂದೆ ಒಂದು ಬಂದು ಜಾಗಕ್ಕೆ ಕೂತವು. ಅಮ್ಮನ ಹೆರಿಗೆ ಓಣಂ ಹಬ್ಬದ ಸುಮಾರಿಗೆ. ಅಂದರೆ ವೃಶ್ಚಿಕದಲ್ಲಿ ಮನೆಯಲ್ಲಿ ಎಳೆಗೂಸು ಇರುತ್ತದೆ, ಬಾಣಂತಿ ಇರುತ್ತಾಳೆ, ನೆಲದ ಮೇಲೆ ಉಪ್ಪುನೀರು ಇರುತ್ತದೆ. ಕುಡಿಯುವ ನೀರಿಗೆ ಮತ್ತೆ ಕೊಡಪಾನ.

ಸಂಜೆ ಅಮ್ಮ ದೋಸೆಗೆ ರುಬ್ಬುತ್ತಿದ್ದಳು. ಅಜ್ಜಿ ದೇವರ ಕೋಣೆಯಲ್ಲಿದ್ದರು. ನಾನು ಪಿಸುದನಿಯಲ್ಲಿ ಎಲ್ಲ ಹೇಳಿದೆ. ರುಬ್ಬುಗುಂಡು ನಿಂತಿತು.

‘ಅಪ್ಪನಿಗಿಂತ ನಿಂಗೆ ಜಾಸ್ತಿ ಗೊತ್ತಾ?’

‘ನಂಗೆ ಗೊತ್ತಿಲ್ಲ ಅಮ್ಮ. ಲೀನಾಗೆ ಗೊತ್ತುಂಟು. ಅವಳು ಅಲ್ಲಿಯವಳಲ್ವಾ?’

ಅಮ್ಮ ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತಳು. ಅವಳಿಗೆ ಮಲಯಾಳದಲ್ಲಿ ಅಕ್ಕ, ಸಾಕು, ಬೇಡ ಎನ್ನುವ ‘ಚೇಚ್ಚಿ’, ‘ಮದಿ’, ‘ವೇಂಡ’ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಗಂಡನ ಮಾತು ನಂಬಬೇಕೋ, ಮಗಳ ಗೆಳತಿಯ ಮಾತು ನಂಬಬೇಕೋ ತೂಗಲು ಅವಳ ಹತ್ತಿರ ತಕ್ಕಡಿಯೇ ಇರಲಿಲ್ಲ. ಕೊನೆಗೆ ಕೇಳಿದಳು:

‘ಆ ಟೀಚರ ಮನೆಗೆ ದಾರಿ ಗೊತ್ತುಂಟಾ ನಿಂಗೆ?’

ಮಾರನೆಯ ದಿನ ಶಾಲೆಗೆ ರಜೆ. ದೇವಸ್ಥಾನಕ್ಕೆ ಹರಕೆ ಎಂದು ಅಜ್ಜಿಗೆ ಹೇಳಿ ಹೊರಟೆವು. ಸುಳ್ಳಲ್ಲ, ದಾರಿಯಲ್ಲಿ ದೇವಸ್ಥಾನದ ಬಾಗಿಲಲ್ಲಿ ನಿಂತು ಕೈಮುಗಿದೆವು. ದೋಣಿಯಲ್ಲಿ ಎರ್ನಾಕುಳಂ, ಅಲ್ಲಿಂದ ಬಸ್ಸು. ಪ್ರತಿ ಹೊಂಡಕ್ಕೂ ಅಮ್ಮ ಮುಂದಿನ ಸೀಟಿನ ಕಂಬಿ ಹಿಡಿದು ಮೇಲಕ್ಕೇಳುತ್ತಿದ್ದಳು, ಕುಲುಕಾಟ ಕಾಲಿಗೆ ಹೋಗಲಿ, ಹೊಟ್ಟೆಗೆ ಬೇಡ ಎಂಬಂತೆ. ನಾನು ಅವಳ ಮುಖ ನೋಡುತ್ತಾ, ಬಾಯೊಳಗೇ ಮಲಯಾಳದ ವಾಕ್ಯಗಳನ್ನು ಜೋಡಿಸುತ್ತಾ ಕೂತಿದ್ದೆ. ಲೀನಾ ತಮಾಷೆ ಮಾಡಿದ್ದರೆ? ನಾನೇ ತಪ್ಪು ತಿಳಿದಿದ್ದರೆ? ಈ ಬಸ್ಸಿನಲ್ಲೇ ಅಮ್ಮನಿಗೆ ಏನಾದರೂ ಆದರೆ?

ಟೀಚರು ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು. ಅವರ ಮಾತೆಲ್ಲ ಮಲಯಾಳದಲ್ಲೇ, ಮಗಳೇ ಎನ್ನುವ ‘ಮೋಳೇ’ಯೊಂದನ್ನು ಬಿಟ್ಟು ಅರ್ಥ ಮಾತ್ರ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಓಹೋ, ನೀನಾ ಮೋಳೇ? ನಿನ್ನ ಅಪ್ಪನಿಗೆ ನನ್ನ ಮೇಲೆ ಎಂಥಾ ಕೋಪ? ಮನೆಗೆ ನೀರು ನುಗ್ಗುವುದಿಲ್ಲ ಅಂದರೆ, ಮನೆಯಲ್ಲಿ ಕಾಲರಾ ಇದೆ ಅಂದ ಹಾಗೆ ಓಡಿದರಲ್ಲ!’

ಲೀನಾ ಹೇಳಿದ್ದು ನಿಜವೇ ಆಗಿತ್ತು. ಆದರೂ ಈ ಸಲ ನಾನು ಒಂದೇ ಮಾತಿಗೆ ಬಿಡಲಿಲ್ಲ. ‘ಪೈಪ್ಪಿಲ್ ವೆಳ್ಳಂ ವರುಮೋ?’ ಎಂದು ಕೇಳಿದೆ. ಬರುತ್ತದೆ ಎಂದರು. ಟ್ಯಾಂಕು ತುಂಬುತ್ತದಾ ಎಂದೆ. ಮೋಟಾರಿದೆ, ಬಾವಿಯಿಂದ ತುಂಬುತ್ತದೆ ಎಂದರು. ಬೇಸಿಗೆಯಲ್ಲಿ ಬಾವಿ ಬತ್ತುತ್ತದಾ ಎಂದೆ. ‘ನೀನೇ ನೋಡು’ ಎಂದು ಬಾವಿಕಟ್ಟೆಗೆ ಕರೆದುಕೊಂಡು ಹೋದರು. ಸುಡುಬೇಸಿಗೆಯಲ್ಲೂ ಕೈಗೆಟುಕುವಂತೆ ನೀರು ಕಪ್ಪಗೆ ಹೊಳೆಯುತ್ತಿತ್ತು. ಅಷ್ಟೂ ಆದ ಮೇಲೆ ನಾನು ಖಾಲಿ ಮನೆಯೊಳಗೆ ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿದೆ. ಅಮ್ಮ ಬಂದು ಅದರ ಕೆಳಗೆ ಕೈ ಹಿಡಿದಳು. ಎಷ್ಟು ಹೊತ್ತು ಹಿಡಿದಳೆಂದರೆ, ಟೀಚರು ನನ್ನನ್ನು ಪಕ್ಕಕ್ಕೆ ಕರೆದು, ‘ಎಷ್ಟು ತಿಂಗಳು?’ ಎಂದು ಕೇಳಿದರು. ಹೇಳಿದೆ. ಹೋದ ಸಲದ ಕೊಡಪಾನದ ಸಂಗತಿಯನ್ನೂ ಹೇಳಿದೆ. ಅದನ್ನು ಹೇಳಬೇಕೋ ಬೇಡವೋ ಎಂದು ಅಮ್ಮನನ್ನು ಕೇಳಲಿಲ್ಲ.

ಟೀಚರು ನಿಟ್ಟುಸಿರು ಬಿಟ್ಟರು.

‘ಏನು ಮಾಡಲಿ ಮೋಳೇ, ಒಬ್ಬ ಬ್ಯಾಂಕಿನವರು ಬಂದು ನೋಡಿ ಹೋಗಿದ್ದಾರೆ. ಭಾನುವಾರ ಬರುತ್ತಾರೆ.’

ಅಮ್ಮನಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲ ಕಡೆ ನಡೆದಳು. ನನಗೆ ಆ ಗಳಿಗೆಯಲ್ಲಿ ಹೊಳೆದದ್ದು ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ. ಆಮೇಲಿನ ನನ್ನ ವ್ಯಾಪಾರವೆಲ್ಲ ಅದರ ಮೇಲೆಯೇ ನಿಂತಿದೆ. ಕೇರಳದಲ್ಲಿ ಯಾರೂ ‘ಕೊಡುವುದಿಲ್ಲ’ ಎಂದು ಮುಖಕ್ಕೆ ಹೇಳುವುದಿಲ್ಲ. ‘ನೋಕ್ಕಾಂ’ ಎನ್ನುತ್ತಾರೆ, ನೋಡೋಣ ಎಂದು. ಕೊಡುವ ಮನಸ್ಸಿದ್ದರೆ ‘ತರಾಂ’ ಎನ್ನುತ್ತಾರೆ.

‘ಟೀಚರೇ, ಅವರಿಗೆ ತರಾಂ ಅಂದಿರಾ, ನೋಕ್ಕಾಂ ಅಂದಿರಾ?’

ಟೀಚರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

‘ನೋಕ್ಕಾಂ ಅಂದೆ.’

‘ಹಾಗಾದರೆ ನೋಡಿ ಆಯಿತಲ್ಲ ಟೀಚರೇ. ನಮಗೆ ತರಾಂ ಅನ್ನಿ.’

ಅವರು ನಗೆ ತಡೆಯಲಾರದೆ ಅಲ್ಲೇ ನೆಲದ ಮೇಲೆ ಕೂತರು. ‘ಈ ಹುಡುಗಿ ಮುಂದೆ ಯಾರಿಗೆ ಗಂಟುಬೀಳುತ್ತಾಳೋ ದೇವರೇ’ ಎಂದರು. ಆಮೇಲೆ ಗಂಭೀರವಾದರು. ತರಾಂ. ಆದರೆ ಮಗುವಿನ ಮಾತಿಗೆ ಮನೆ ಕೊಟ್ಟೆ ಎಂದು ನಾಳೆ ಜನ ನಗಬಾರದು. ಭಾನುವಾರದ ಮೊದಲು ನಿನ್ನ ಅಪ್ಪನೇ ಬಂದು ಕೇಳಬೇಕು ಎಂದರು.

ಆ ರಾತ್ರಿಯ ಊಟದಷ್ಟು ಉದ್ದದ ಊಟ ನಮ್ಮ ಮನೆಯಲ್ಲಿ ಮತ್ತೆ ಆಗಿಲ್ಲ. ಅಮ್ಮ ಸಾರು ಬಡಿಸುತ್ತಾ ನೇರವಾಗಿ ಹೇಳಿದಳು, ತ್ರಿಪ್ಪುಣಿತ್ತುರಕ್ಕೆ ಹೋಗಿದ್ದೆವು, ನೀರು ಬರುತ್ತದೆ, ಪಳ್ಳುರುತ್ತಿ ಬೇಡ. ಅಪ್ಪ ಮೊದಲು ನಕ್ಕರು. ಆಮೇಲೆ ನನ್ನ ಕಡೆ ನೋಡಿದರು. ಆಮೇಲೆ ಕೈ ತಟ್ಟೆಯಲ್ಲೇ ನಿಂತಿತು.

‘ಇಷ್ಟು ವರ್ಷ ಈ ಊರಲ್ಲಿ ಫೈಲು ನೋಡಿದವ ನಾನು. ಇವಳು ನಂಗೆ ಮಲಯಾಳ ಕಲಿಸುದಾ? ಕಯರುಕ ಅಂದ್ರೆ ಏರುದು. ಯಾವ ನಿಘಂಟು ಬೇಕಾದ್ರೂ ತೆಗಿ.’

‘ನಿಘಂಟಲ್ಲಿ ಇರಬಹುದು ಅಪ್ಪ, ಪಳ್ಳುರುತ್ತಿಯಲ್ಲಿ ಹಾಗಲ್ಲ’ ಎಂದೆ.

‘ಬಾಯ್ಮುಚ್ಚು.’

‘ಗಂಡಸು ಕೈಕುಲುಕಿ ಬಂದ ಮೇಲೆ ಅದೆಂಥ ಬೇಡ?’ ಎಂದರು ಅಜ್ಜಿ. ‘ನಮ್ಮ ಕಾಲದಲ್ಲಿ ಹೆಂಗಸರು ಮನೆ ಆರಿಸ್ತಾ ಇರ್ಲಿಲ್ಲ. ಕೊಟ್ಟ ಮನೆಗೆ ಹೋಗ್ತಾ ಇದ್ದದ್ದು.’

‘ಹೌದು ಅತ್ತೆ,’ ಎಂದಳು ಅಮ್ಮ. ‘ನಾನೂ ಕೊಟ್ಟ ಮನೆಗೇ ಬಂದದ್ದು. ಮೂರನೇ ಮಾಳಿಗೆಗೆ.’

ಅಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟು ಅಪ್ಪನಿಗೆ ಹೇಳಿದಳು: ‘ನೀವು ಪಳ್ಳುರುತ್ತಿಗೆ ಹೋಗಿ. ನಿಮ್ಗೆ ಆಫೀಸು ಹತ್ತಿರ. ನಾನು ಇದೊಂದು ಹೆತ್ತು ಬರುವವರೆಗೆ ತವರಿಗೆ ಹೋಗ್ತೇನೆ. ಆ ಮನೆಯ ಮೆಟ್ಟಿಲು ಮಾತ್ರ ನಾನು ಹತ್ತುದಿಲ್ಲ.’ ಅವಳ ದನಿ ಏರಲಿಲ್ಲ. ಮತ್ತೆ ಸೌಟು ಎತ್ತಿ ಅಪ್ಪನ ತಟ್ಟೆಗೆ ಸಾರು ಬಡಿಸಿದಳು.

ಅಪ್ಪ ಶನಿವಾರ ಟೀಚರ ಬಳಿಗೆ ಹೋದರು. ಜೋಸೆಫ್ ಚೇಟ್ಟನ್ನಿಗೂ ಹೇಳಿ ಬಂದರು. ಒಪ್ಪಿ ಹೋದದ್ದಲ್ಲ, ಸೋತು ಹೋದದ್ದು. ಹಿಂದಿರುಗಿ ಬಂದು ಅಂಗಿ ಕಳಚುತ್ತಾ ನನಗೊಬ್ಬಳಿಗೇ ಕೇಳುವಂತೆ ಹೇಳಿದರು: ‘ನಿನ್ನ ಮಾತಿನ ಮೇಲೆ ಹೋಗ್ತಾ ಇದ್ದೇವೆ. ನೆನಪಿರಲಿ.’

ಅದು ನೆನಪಿರಲಿ ಎಂದು ಹೇಳಬೇಕಾಗಿರಲೇ ಇಲ್ಲ. ತ್ರಿಪ್ಪುಣಿತ್ತುರದ ಆ ಹೆಂಚಿನ ಮನೆಯಲ್ಲಿ ಬೆಳಗಿನ ಮೊದಲ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಮೋಟಾರು ಹಾಕಿದ ಮೇಲೆ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳುವವರೆಗೆ ಹಾಸಿಗೆಯಲ್ಲಿ ಉಸಿರು ಹಿಡಿದು ಮಲಗಿರುತ್ತಿದ್ದೆ. ಕರೆಂಟು ಹೋದರೆ ನನ್ನದೇ ತಪ್ಪೆಂಬಂತೆ ಬಾವಿಗೆ ಓಡುತ್ತಿದ್ದೆ. ಮಿಥುನ, ಕರ್ಕಾಟಕದ ಮಳೆಯಲ್ಲಿ ಬಾವಿಯ ನೀರು ಕೆಂಪಾದಾಗ, ಕುಡಿಯಬಹುದೇ ಎಂದು ಟೀಚರನ್ನು ಎಷ್ಟು ಸಲ ಕೇಳಿದೆನೆಂದರೆ, ‘ಮೋಳೇ, ನಾನು ಹುಟ್ಟಿದ್ದೇ ಈ ನೀರಲ್ಲಿ’ ಎಂದು ಗದರಿದರು. ಎರಡು ಬಸ್ಸು ಬದಲಿಸಿ ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ ಅಪ್ಪ, ಚಪ್ಪಲಿ ಬಿಡುತ್ತಾ ಪ್ರತಿದಿನ ಒಂದೇ ಮಾತು ಹೇಳುತ್ತಿದ್ದರು: ‘ಪಳ್ಳುರುತ್ತಿಯಾಗಿದ್ರೆ ಇಷ್ಟೊತ್ತಿಗೆ ನಾನು ಉಂಡು ಮಲಗಿಯಾಗ್ತಿತ್ತು.’ ಅಜ್ಜಿ ‘ಹೌದು ಮಗಾ’ ಎನ್ನುತ್ತಿದ್ದರು. ಇಡೀ ಮಳೆಗಾಲ ಪಳ್ಳುರುತ್ತಿಯಲ್ಲಿ ನೀರು ನುಗ್ಗಿದ ಸುದ್ದಿ ಬರಲಿಲ್ಲ. ಕೊನೆಗೆ ನನಗೇ ಸಂಶಯ ಬರತೊಡಗಿತು. ಲೀನಾಳ ಮನೆ ತಗ್ಗಿನಲ್ಲಿತ್ತೋ ಏನೋ. ಜೋಸೆಫ್ ಚೇಟ್ಟನ್ ಟ್ಯಾಂಕಿನ ಮಾತೇ ಹೇಳಿದ್ದರೋ ಏನೋ. ಓಣಂ ಕಳೆದ ವಾರ ಅಮ್ಮ ಹೆತ್ತಳು. ಗಂಡುಮಗು. ಆಸ್ಪತ್ರೆಯಿಂದ ಬಂದ ದಿನ ಬಾಣಂತಿಯ ಸ್ನಾನಕ್ಕೆ ಅಜ್ಜಿ ಹಂಡೆ ತುಂಬ ನೀರು ಕಾಯಿಸಿ, ನಲ್ಲಿಯಿಂದ ಹಂಡೆಗೆ ಬಿಟ್ಟ ಪೈಪನ್ನು ನೋಡುತ್ತಾ, ‘ಇದೊಂದು ಸುಖ’ ಎಂದು ಗೊಣಗಿದರು. ಅಪ್ಪನಿಗೆ ಕೇಳದಂತೆ.

ವೃಶ್ಚಿಕ ಬಂತು. ಶಬರಿಮಲೆಗೆ ಹೋಗುವವರು ಕಪ್ಪು ಬಟ್ಟೆ ಉಟ್ಟು ಬಸ್ಸು ಹತ್ತುವ ಕಾಲ. ಒಂದು ಬೆಳಿಗ್ಗೆ ಅಪ್ಪ ಎಂದಿಗಿಂತ ಬೇಗ ಹೊರಟರು. ಕಚೇರಿಯಲ್ಲಿ ಕೆಲಸ ಇದೆ ಎಂದರು. ಸಂಜೆ ಬಂದು ಜಗುಲಿಯ ಮೆಟ್ಟಿಲ ಮೇಲೆ ಕೂತರು, ಒಳಗೆ ಬರಲಿಲ್ಲ. ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಅಪ್ಪನ ಬೂದು ಪ್ಯಾಂಟು ಮೊಣಕಾಲಿನವರೆಗೆ ಬಣ್ಣ ಬದಲಿಸಿತ್ತು. ಒದ್ದೆಯಾಗಿ ಮೈಮೇಲೆಯೇ ಒಣಗಿ, ಅಂಚಿನಲ್ಲಿ ಬಿಳಿಯ ಗೆರೆ ಎದ್ದಿತ್ತು.

‘ಬೆಳಿಗ್ಗೆ ಜೋಸೆಫ್ ಮನೆಗೆ ಹೋಗಿದ್ದೆ,’ ಎಂದರು ಅಪ್ಪ, ಅಂಗಳ ನೋಡುತ್ತಾ. ‘ಮಂಚದ ಮೇಲೆ ಕೂರಿಸಿ ಚಹಾ ಕೊಟ್ಟರು. ಕೆಳಗೆ ನೀರು. ಅಡುಗೆಮನೆಯಿಂದ ಒಂದು ಪಾತ್ರೆ ತೇಲ್ತಾ ಬಂತು, ಅವರ ಹೆಂಡತಿ ಕಾಲಲ್ಲೇ ಆಚೆ ದೂಡಿದ್ರು. ಸಾರೇ, ನಾನು ಅವತ್ತೇ ಹೇಳಿರ್ಲಿಲ್ವಾ ಕಯರುಂ ಅಂತ, ಅಂದ್ರು ಜೋಸೆಫ್.’

‘ನೀವೆಂತ ಹೇಳಿದ್ರಿ?’

‘ಹೌದು, ಹೇಳಿದ್ರಿ ಅಂದೆ. ಮತ್ತೆಂತ ಹೇಳುದು? ಅವ ಸುಳ್ಳು ಹೇಳಿದ್ರೆ ಬೈಬಹುದಿತ್ತು.’

ಒಳಗಿನಿಂದ ಅಜ್ಜಿ, ‘ಯಾರು ಸುಳ್ಳು ಹೇಳಿದ್ದು ಮಗಾ?’ ಎಂದು ಕೂಗಿದರು. ‘ಯಾರೂ ಇಲ್ಲ ಅಮ್ಮಾ’ ಎಂದರು ಅಪ್ಪ. ಮಗು ತೇಗಿತು. ಅಪ್ಪ ಕೈನೀಡಿ ಅದರ ಅಂಗಾಲನ್ನು ಎರಡು ಬೆರಳಿನಲ್ಲಿ ಹಿಡಿದರು, ಆದರೆ ಮುಖ ನನ್ನ ಕಡೆಗಿತ್ತು.

‘ಶುಭಾ, ನಲ್ಲಿ ನೀರಿಗೆ ಎಂತ ಹೇಳ್ಬೇಕು?’

‘ವರುಮೋ ಅಂತ, ಅಪ್ಪ.’

‘ವರುಮೋ,’ ಎಂದರು. ಮತ್ತೊಮ್ಮೆ, ಹೊಸದಾಗಿ ಶಾಲೆಗೆ ಸೇರಿದವರ ಹಾಗೆ, ‘ವರುಮೋ’ ಎಂದರು.

‘ಉಪ್ಪುನೀರು ಮೈಯಲ್ಲಿಟ್ಟುಕೊಂಡು ಕೂರಬೇಡಿ, ಕಾಲು ತೊಳ್ಕೊಳ್ಳಿ’ ಎಂದು ಅಮ್ಮ ಅಂಗಳದ ನಲ್ಲಿ ತಿರುಗಿಸಿದಳು. ಅಪ್ಪ ಪ್ಯಾಂಟು ಮಡಚಿ ಕಾಲು ಚಾಚಿದರು. ಮಣ್ಣು ಹೋಯಿತು, ಉಪ್ಪು ಹೋಯಿತು, ಕಾಲು ಎಂದೋ ಚೊಕ್ಕವಾಯಿತು. ಆದರೂ ಅವರು ಕಾಲು ತೆಗೆಯಲಿಲ್ಲ, ಅಮ್ಮನೂ ನಲ್ಲಿ ನಿಲ್ಲಿಸಲಿಲ್ಲ. ನೀರು ಅಂಗಳದ ಬಾಳೆಬುಡಕ್ಕೆ ಹರಿದು ಹೋಗುತ್ತಲೇ ಇತ್ತು.

‘ಯಾರದು ನಲ್ಲಿ ಬಿಟ್ಟಿದ್ದು?’ ಅಜ್ಜಿಯ ದನಿ ಮತ್ತೆ ಬಂತು. ‘ನೀರು ದಂಡ ಆಗ್ತದೆ!’

‘ಆಗ್ಲಿ ಅತ್ತೆ’ ಎಂದಳು ಅಮ್ಮ.